ಹಬ್ಬದ ಬೋನಸ್ಸೂ ತೆರಿಗೆಯ ಅಂಜಿಕೆಯೂ

ದೀಪಾವಳಿಯ ಹೊತ್ತಿಗೆ ಬೀದರ್ ಜಿಲ್ಲೆಯ ನಮ್ಮ ಮುಡಬಿಗೆ ಎರಡು ದಾರಿಯಿಂದ ದುಡ್ಡು ಬರುತ್ತದೆ. ಒಂದು ಹೊಲದ ದಾರಿ: ಸೋಯಾ ರಾಶಿ ಮುಗಿದು, ಚೀಲ ತೂಗಿ, ಅಡತಿ ಅಂಗಡಿಯ ಪಟ್ಟಿ ಕೈಗೆ ಬಂದಿರುತ್ತದೆ. ಇನ್ನೊಂದು ಹೆದ್ದಾರಿ: ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ಹುಡುಗರು ರಾತ್ರಿ ಬಸ್ಸಿನಿಂದ ಸಸ್ತಾಪುರ ಬಂಗ್ಲಾದಲ್ಲೋ ಹುಮನಾಬಾದಿನಲ್ಲೋ ಇಳಿದು ಊರು ಸೇರುತ್ತಾರೆ. ಅವರ ಮೊಬೈಲಿನಲ್ಲಿ ಬೋನಸ್ ಜಮೆಯಾದ ಸಂದೇಶ ಇರುತ್ತದೆ.

ಹೊಲದ ದುಡ್ಡಿನ ಬಗ್ಗೆ ಯಾರಿಗೂ ಅನುಮಾನವಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬುದು ಊರಿಗೆಲ್ಲ ಗೊತ್ತು. ಅಂಜಿಕೆ ಇರುವುದು ಬೋನಸ್ಸಿನ ಬಗ್ಗೆ. ‘ಕಾಕಾ, ನಮ್ಮ ಬೋನಸ್‌ನಾಗ ಟ್ಯಾಕ್ಸ್ ಹಿಡದೀವಿ ಅಂತ ಹೇಳ್ಯಾರ, ಖರೇ ಏನ್ರಿ?’ ಎಂದು ಕೇಳುವ ಹುಡುಗನ ತಿಂಗಳ ಪಗಾರ ಹದಿನೈದು ಸಾವಿರ. ಅವನ ವರ್ಷದ ದುಡಿಮೆಯನ್ನೆಲ್ಲ ಕೂಡಿಸಿದರೂ ಆದಾಯ ತೆರಿಗೆಯ ಹೊಸ್ತಿಲ ಹತ್ತಿರಕ್ಕೆ ಬರುವುದಿಲ್ಲ. ಹಾಗಿದ್ದೂ ಬೋನಸ್ಸಿನಲ್ಲಿ ಏನೋ ಕಡಿಮೆಯಾಗಿದೆ, ಅದಕ್ಕೆ ತೆರಿಗೆಯ ಹೆಸರು ಹೇಳಿದ್ದಾರೆ. ನಮ್ಮ ಭಾಗದ ದುಡಿಯುವ ಮಂದಿಯ ಬೋನಸ್ಸನ್ನು ತೆರಿಗೆ ತಿನ್ನುವುದು ಬಹಳ ಕಡಿಮೆ. ಲೆಕ್ಕ ಗೊತ್ತಿಲ್ಲದಿರುವುದೇ ಹೆಚ್ಚು ತಿನ್ನುತ್ತದೆ.

ಆದಾಯ ತೆರಿಗೆಯ ಪಾಲಿಗೆ ಬೋನಸ್ ಎಂದರೆ ಪಗಾರವೇ. ದೀಪಾವಳಿ ಬೋನಸ್, ಎಕ್ಸ್‌ಗ್ರೇಷಿಯಾ, ಇನ್ಸೆಂಟಿವ್ ಎಂದು ಯಾವ ಹೆಸರಿಟ್ಟರೂ, ಮಾಲೀಕರು ನೌಕರನಿಗೆ ಕೊಟ್ಟ ನಗದು ಸಂಬಳದ ಲೆಕ್ಕಕ್ಕೇ ಸೇರುತ್ತದೆ. ಅದಕ್ಕೆಂದು ಬೇರೆ ದರವಿಲ್ಲ, ಬೇರೆ ವಿನಾಯಿತಿಯೂ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆ ಹೀಗೇ ನಡೆಸಿಕೊಂಡು ಬಂತು. ಅದರ ಜಾಗದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲೂ ಈ ಮೂಲ ಮಾತು ಬದಲಾಗಿಲ್ಲ. ‘ಐವತ್ತು ಸಾವಿರದವರೆಗೆ ಗಿಫ್ಟಿಗೆ ತೆರಿಗೆ ಇಲ್ಲವಲ್ಲ, ಇದನ್ನೂ ಗಿಫ್ಟ್ ಅಂದರಾಯಿತು’ ಎಂಬ ಸಲಹೆ ಪ್ರತಿ ಹಬ್ಬಕ್ಕೂ ಓಡಾಡುತ್ತದೆ. ಅದು ತಪ್ಪು. ಆ ಐವತ್ತು ಸಾವಿರದ ಮಿತಿ ಬೇರೆಯವರು ಕೊಡುವ ಉಡುಗೊರೆಗೆ. ಕೆಲಸ ಕೊಟ್ಟವರು ಕೊಟ್ಟ ನಗದು ಉಡುಗೊರೆಯಾಗುವುದಿಲ್ಲ. ಮಿಠಾಯಿ ಡಬ್ಬಿ, ಸ್ಟೀಲ್ ಪಾತ್ರೆ, ಖರೀದಿ ಕೂಪನ್‌ಗಳಂಥ ವಸ್ತುರೂಪದ ಕೊಡುಗೆಗೆ ಮಾತ್ರ 1962ರ ನಿಯಮಗಳಲ್ಲಿ ವರ್ಷಕ್ಕೆ 5,000 ರೂಪಾಯಿವರೆಗೆ ವಿನಾಯಿತಿ ಇಟ್ಟಿದ್ದರು.

ಪಗಾರವೇ ಎಂದಮೇಲೆ, ವರ್ಷದ ಒಟ್ಟು ಪಗಾರಕ್ಕೆ ಬೋನಸ್ಸನ್ನು ಕೂಡಿಸಿ ನೋಡಬೇಕು. 2025-26ನೇ ಹಣಕಾಸು ವರ್ಷದ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರನಿಗೆ ಮೊದಲು 75,000 ರೂಪಾಯಿ ಕಳೆಯುತ್ತಾರೆ. ಉಳಿದದ್ದರಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಅದರಾಚೆ ದರಗಳು ಶುರುವಾದರೂ, 12 ಲಕ್ಷ ದಾಟದವರಿಗೆ ರಿಯಾಯಿತಿ ಕೊಟ್ಟು ತೆರಿಗೆಯನ್ನು ಸೊನ್ನೆ ಮಾಡುತ್ತಾರೆ. ಅಂದರೆ ಪಗಾರ, ಬೋನಸ್ ಎಲ್ಲ ಸೇರಿ 12.75 ಲಕ್ಷದವರೆಗೆ ಕಟ್ಟುವುದು ಏನೂ ಇಲ್ಲ. ಹದಿನೈದು ಸಾವಿರದ ಹುಡುಗನ ವರ್ಷದ ಪಗಾರ 1,80,000. ಅದಕ್ಕೆ ಹದಿಮೂರು ಸಾವಿರ ಬೋನಸ್ ಸೇರಿದರೂ ಎರಡು ಲಕ್ಷ ಮುಟ್ಟುವುದಿಲ್ಲ. ಅವನ ಬೋನಸ್ಸಿನಲ್ಲಿ ಆದಾಯ ತೆರಿಗೆ ಹಿಡಿಯಲು ಯಾರಿಗೂ ಆಧಾರವಿಲ್ಲ.

ಪಿಎಫ್ ಹಿಡಿದೆವು ಎನ್ನುವುದಕ್ಕೂ ಆಧಾರವಿಲ್ಲ. ಭವಿಷ್ಯ ನಿಧಿ ಕಾಯ್ದೆ ಮೂಲ ವೇತನದ ವ್ಯಾಖ್ಯೆಯಿಂದಲೇ ಬೋನಸ್ಸನ್ನು ಹೊರಗಿಟ್ಟಿದೆ. ಇಎಸ್‌ಐ ವಂತಿಗೆಯೂ ವರ್ಷಕ್ಕೊಮ್ಮೆ ಕೊಡುವ ಬೋನಸ್ಸಿಗೆ ತಾಗುವುದಿಲ್ಲ. ಹಬ್ಬದ ಬೋನಸ್ಸಿನ ಚೀಟಿಯಲ್ಲಿ ಇವೆರಡರ ಕಡಿತ ಕಂಡರೆ ಕಾರಣ ಕೇಳಲೇಬೇಕು.

ಹಾಗಾದರೆ ಕಡಿಮೆಯಾದದ್ದು ಎಲ್ಲಿ? ಬೋನಸ್ ಕಟ್ಟುವ ಲೆಕ್ಕದಲ್ಲಿ.

1965ರ ಬೋನಸ್ ಪಾವತಿ ಕಾಯ್ದೆ ಕಾರ್ಖಾನೆಗಳಿಗೂ, ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವ ಇತರ ಸಂಸ್ಥೆಗಳಿಗೂ ಅನ್ವಯಿಸುತ್ತಿತ್ತು. ಲಾಭವಿರಲಿ, ನಷ್ಟವಿರಲಿ, ಕನಿಷ್ಠ ಶೇ 8.33, ಲಾಭ ಚೆನ್ನಾಗಿದ್ದರೆ ಶೇ 20ರವರೆಗೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಇದಕ್ಕೆ ಅರ್ಹರಾಗಿದ್ದರು. ಈ ಶೇಕಡಾವಾರನ್ನು ಯಾವ ಮೊತ್ತದ ಮೇಲೆ ಹಾಕಬೇಕು ಎಂಬುದಕ್ಕೆ 2015ರ ತಿದ್ದುಪಡಿ ಉತ್ತರ ಕೊಟ್ಟಿತು: ತಿಂಗಳಿಗೆ 7,000 ರೂಪಾಯಿ, ಇಲ್ಲವೇ ಆ ಉದ್ಯೋಗಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನ, ಇವೆರಡರಲ್ಲಿ ಯಾವುದು ಹೆಚ್ಚೋ ಅದು.

ಎಷ್ಟೋ ಕಡೆ ಲೆಕ್ಕಪತ್ರದವರು 7,000ಕ್ಕೇ ನಿಂತುಬಿಡುತ್ತಾರೆ. ಏಳು ಸಾವಿರದಂತೆ ಹನ್ನೆರಡು ತಿಂಗಳಿಗೆ 84,000, ಅದರ ಶೇ 8.33 ಎಂದರೆ 6,997 ರೂಪಾಯಿ. ‘ಏಳು ಸಾವಿರ ಬೋನಸ್’ ಎಂದು ನಮ್ಮ ಕಡೆ ರೂಢಿಯಾಗಿರುವ ಮಾತು ಇಲ್ಲಿಂದಲೇ ಬಂದದ್ದು. ಆದರೆ ಕರ್ನಾಟಕದಲ್ಲಿ ಕಾರ್ಖಾನೆ ಕೆಲಸಗಳ ಕನಿಷ್ಠ ವೇತನ 7,000ವನ್ನು ದಾಟಿ ಬಹಳ ಕಾಲವಾಯಿತು. ಲೆಕ್ಕಕ್ಕೆ ಅದು 13,000 ಎಂದಿಟ್ಟುಕೊಳ್ಳೋಣ. ಆಗ ವರ್ಷಕ್ಕೆ 1,56,000, ಬೋನಸ್ 12,995. ಅಂದರೆ ಒಬ್ಬೊಬ್ಬರ ಕೈಯಿಂದ ಆರು ಸಾವಿರದಷ್ಟು ಜಾರಿಹೋಗಿದೆ. ಇದು ಸರ್ಕಾರದ ಖಜಾನೆಗೆ ಹೋದ ದುಡ್ಡಲ್ಲ, ಹೋಗಬೇಕಾದ ದುಡ್ಡೂ ಅಲ್ಲ. ಕೊಡದೇ ಉಳಿಸಿಕೊಂಡ ಕೂಲಿ. ನಮ್ಮ ತಾಲ್ಲೂಕುಗಳಲ್ಲಿ ಹಬ್ಬದ ಬೋನಸ್ಸಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶವಿದ್ದರೆ, ತೆರಿಗೆ ಎಷ್ಟು ಎಂದು ಕೇಳುವುದಕ್ಕಿಂತ ‘ಯಾವ ಮೊತ್ತದ ಮೇಲೆ ಲೆಕ್ಕ ಹಾಕಿದ್ದೀರಿ?’ ಎಂದು ಕೇಳಿ ಎನ್ನುತ್ತೇನೆ.

ಅರ್ಹತೆಯ ವಿಷಯದಲ್ಲೂ ಇಂಥದೇ ಗೊಂದಲವಿದೆ. 21,000 ಎಂಬುದು ಕೈಗೆ ಬರುವ ಒಟ್ಟು ಪಗಾರ ಎಂದು ಅನೇಕರು ತಿಳಿದಿದ್ದಾರೆ. 1965ರ ಕಾಯ್ದೆಯಲ್ಲಿ ವೇತನವೆಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ. ಮನೆ ಬಾಡಿಗೆ ಭತ್ಯೆ, ಓವರ್‌ಟೈಮ್ ಇತ್ಯಾದಿ ಅದರಲ್ಲಿ ಸೇರುವುದಿಲ್ಲ. ಓವರ್‌ಟೈಮ್ ಸೇರಿ ಇಪ್ಪತ್ತೈದು ಸಾವಿರ ಎಣಿಸುವವನೂ ಅರ್ಹನಾಗಿರಬಹುದು. ‘ನೀನು ಪರ್ಮನೆಂಟ್ ಅಲ್ಲ’ ಎಂಬ ಮಾತಂತೂ ನಿಲ್ಲುವುದೇ ಇಲ್ಲ. ಲೆಕ್ಕದ ವರ್ಷದಲ್ಲಿ ಮೂವತ್ತು ದಿನ ಕೆಲಸ ಮಾಡಿದರೆ ಸಾಕು, ಆ ದಿನಗಳ ಪ್ರಮಾಣಕ್ಕೆ ಬೋನಸ್ ಸಿಗಬೇಕು. ಕಾಯ್ದೆ ಹೊರಗಿಟ್ಟದ್ದು ಅಪ್ರೆಂಟಿಸ್‌ಗಳನ್ನು; ಗುತ್ತಿಗೆಯವರನ್ನೂ ಹಂಗಾಮಿನವರನ್ನೂ ಅಲ್ಲ.

ಕಬ್ಬಿನ ಸೀಮೆಯಾದ ಬೀದರ್ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ನಾಲ್ಕೈದು ತಿಂಗಳು ಮಾತ್ರ ಕೆಲಸ ಸಿಗುವವರು ತಮಗೂ ಬೋನಸ್ ಉಂಟೆಂದು ಕೇಳುವುದೇ ಅಪರೂಪ. ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡದಲ್ಲಿರುವ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಹಣದ ಮುಗ್ಗಟ್ಟಿನಲ್ಲಿ ನಲುಗಿದ್ದನ್ನು ಕಂಡ ಈ ಭಾಗದಲ್ಲಿ, ಪಗಾರವೇ ಸಿಕ್ಕರೆ ಸಾಕು ಎಂಬ ಮನಸ್ಸು ಬೆಳೆದಿದ್ದರೆ ಆಶ್ಚರ್ಯವಿಲ್ಲ. ಕಾಯ್ದೆಯ ನೆರಳೇ ಬೀಳದವರೂ ಇದ್ದಾರೆ. ಬಸವಕಲ್ಯಾಣದ ಆಟೊನಗರದ ಚಿಕ್ಕ ಗ್ಯಾರೇಜುಗಳು, ಮುಡಬಿ ಪೇಟೆಯ ಬಟ್ಟೆ ಅಂಗಡಿ, ಕಿರಾಣಿ ಅಂಗಡಿಗಳಲ್ಲಿ ಇಬ್ಬರು ಮೂವರು ದುಡಿಯುತ್ತಾರೆ. ಅಲ್ಲಿ ಹಬ್ಬಕ್ಕೆ ಒಂದು ಜೊತೆ ಬಟ್ಟೆ, ಒಂದಿಷ್ಟು ರೊಕ್ಕ ಕೊಡುವುದು ರೂಢಿಯ ಮೇಲೆ ನಿಂತಿದೆ, ಕಾನೂನಿನ ಮೇಲಲ್ಲ.

ಬೋನಸ್ ಎಂಬುದು ಹಬ್ಬದ ಭಕ್ಷೀಸು ಎಂಬ ಭಾವನೆಯೇ ಎಲ್ಲದರ ಹಿಂದೆ ಕೆಲಸ ಮಾಡುತ್ತಿದೆ. ಭಕ್ಷೀಸಿಗೆ ಲೆಕ್ಕ ಕೇಳುವುದು ಮರ್ಯಾದೆಯಲ್ಲ ಎಂದು ನಮ್ಮವರು ಸುಮ್ಮನಾಗುತ್ತಾರೆ. ಬೋನಸ್ಸಿನ ಚರಿತ್ರೆ ಬೇರೆಯೇ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಧಾರಣೆ ಏರಿ ಗಿರಣಿಗಳಿಗೆ ಲಾಭ ಹೊಳೆಯಾದಾಗ, 1917ರಲ್ಲಿ ಮುಂಬೈಯ ಬಟ್ಟೆ ಗಿರಣಿಗಳು ಯುದ್ಧದ ಬೋನಸ್ ಎಂದು ಶೇ 10 ಕೊಡಲು ಶುರು ಮಾಡಿದವು. ಲಾಭ ಇಳಿಯಿತೆಂದು ನಿಲ್ಲಿಸಿದಾಗ 1924ರಲ್ಲಿ ದೊಡ್ಡ ಮುಷ್ಕರವಾಯಿತು. ಬೋನಸ್ ಕೇಳುವ ಹಕ್ಕು ಕಾರ್ಮಿಕರಿಗಿಲ್ಲ ಎಂದು ಆಗಿನ ವಿಚಾರಣಾ ಸಮಿತಿ ಹೇಳಿತು. ಆ ಮಾತನ್ನು ತಿರುಗಿಸಲು ಕಾರ್ಮಿಕರು ನಾಲ್ಕು ದಶಕ ಹೋರಾಡಬೇಕಾಯಿತು. ಲಾಭದಲ್ಲಿ ದುಡಿಮೆಗೂ ಪಾಲಿದೆ ಎಂಬ ಸೂತ್ರವನ್ನು 1950ರಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ ಕೊಟ್ಟಿತು. ಎಂ.ಆರ್. ಮೆಹೆರ್ ಅಧ್ಯಕ್ಷತೆಯ ಬೋನಸ್ ಆಯೋಗ 1964ರಲ್ಲಿ ವರದಿ ಕೊಟ್ಟಿತು. 1965ರಲ್ಲಿ ಕಾಯ್ದೆ ಬಂತು. ಆಗ ಕನಿಷ್ಠ ದರ ಶೇ 4. ಎಪ್ಪತ್ತರ ದಶಕದ ಆರಂಭದಲ್ಲಿ ಅದು ಶೇ 8.33ಕ್ಕೆ ಏರಿತು. ತುರ್ತು ಪರಿಸ್ಥಿತಿಯ ಸರ್ಕಾರ ಮತ್ತೆ 4ಕ್ಕೆ ಇಳಿಸಿತು, 1977ರಲ್ಲಿ ಹೊಸ ಸರ್ಕಾರ ಹಿಂದಕ್ಕೆ ತಂದಿತು. ಶೇ 8.33 ಎಂದರೆ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ತಿಂಗಳ ಪಗಾರ. ಬ್ರಿಟಿಷರು ವಾರದ ಪಗಾರವನ್ನು ತಿಂಗಳಿಗೆ ಬದಲಿಸಿದಾಗ ಕಳೆದುಹೋದ ಹದಿಮೂರನೇ ಪಗಾರವೇ ಬೋನಸ್ ಎಂಬ ಕತೆ ದೀಪಾವಳಿಗೊಮ್ಮೆ ಮೊಬೈಲುಗಳಲ್ಲಿ ಸುತ್ತುತ್ತದೆ. ಕತೆ ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ಮುಷ್ಕರ ಮಾಡಿ ಪಡೆದದ್ದನ್ನು ಕಳೆದುಹೋದ ಗಂಟು ಸಿಕ್ಕಂತೆ ಹೇಳುವುದು ಆ ಗಿರಣಿ ಕಾರ್ಮಿಕರಿಗೆ ಮಾಡುವ ಅನ್ಯಾಯ.

ಕಾಯ್ದೆಯ ಪ್ರಕಾರ ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಬೋನಸ್ ಕೊಡಬೇಕು. ಮಾರ್ಚ್ 31ಕ್ಕೆ ವರ್ಷ ಮುಗಿದರೆ ನವೆಂಬರ್ 30 ಕೊನೆಯ ದಿನ. ಆ ಅವಧಿಯೊಳಗೇ ದೀಪಾವಳಿ ಬರುವುದರಿಂದ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಕೊಡುವವರಿಗೂ ಇದರಲ್ಲಿ ತೆರಿಗೆಯ ಅನುಕೂಲವಿದೆ. ಕೊಟ್ಟ ಬೋನಸ್ ಸಂಸ್ಥೆಯ ಖರ್ಚು, ಅದರ ತೆರಿಗೆಯೋಗ್ಯ ಲಾಭದಲ್ಲಿ ಅಷ್ಟು ಕಳೆಯುತ್ತದೆ. ಆದರೆ ತನ್ನ ರಿಟರ್ನ್ ಸಲ್ಲಿಸುವ ಗಡುವಿನೊಳಗೆ ನಿಜವಾಗಿ ಪಾವತಿ ಮಾಡಿರಬೇಕು. ಪುಸ್ತಕದಲ್ಲಿ ಬರೆದು ಕೈಗೆ ಕೊಡದಿದ್ದರೆ ಆ ವರ್ಷ ಸಂಸ್ಥೆಗೆ ಈ ಲಾಭವಿಲ್ಲ. ಬೋನಸ್ ಕೊಟ್ಟು ಮುಳುಗಿದೆ ಎನ್ನುವ ಮಾಲೀಕರ ಮಾತನ್ನು ಕೇಳುವಾಗ ಇದೂ ನೆನಪಿರಲಿ.

ಸರ್ಕಾರಿ ನೌಕರಿಯ ಕಡೆ ಬೇರೆ ಬೇರೆ ಪದ್ಧತಿಗಳಿವೆ. ರಾಜ್ಯ ಸರ್ಕಾರದ ನೌಕರರಿಗೆ ಸಿಗುವುದು ಹಬ್ಬದ ಮುಂಗಡ. ಅದು ಬಡ್ಡಿಯಿಲ್ಲದ ಸಾಲ, ಮುಂದಿನ ಪಗಾರಗಳಲ್ಲಿ ಕಂತಾಗಿ ಮುರಿಯುತ್ತಾರೆ. ಸಾಲವಾದ್ದರಿಂದ ಆ ಮೊತ್ತ ಆದಾಯವಲ್ಲ. ಕೇಂದ್ರ ಸರ್ಕಾರದ ಕೆಳಹಂತದ ನೌಕರರಿಗೆ ಮೂವತ್ತು ದಿನದ ಬೋನಸ್, 6,908 ರೂಪಾಯಿ. ರೈಲ್ವೆಯ ಮಾತು ಹುಮನಾಬಾದಿಗೆ ಹತ್ತಿರದ್ದು. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ್–ಕಲಬುರಗಿ ಮಾರ್ಗ ಈ ಊರಿನ ಮೇಲೇ ಹಾದುಹೋಗುತ್ತದೆ, ರೈಲಿನ ಜೊತೆ ಹಳಿ ಕಾಯುವ ಕೆಲಸವೂ ಬಂತು. ರೈಲ್ವೆಯ ಗೆಜೆಟೆಡ್ ಅಲ್ಲದ ನೌಕರರಿಗೆ ಎಪ್ಪತ್ತೆಂಟು ದಿನದ ಬೋನಸ್ ಎಂದು ಪ್ರತಿ ವರ್ಷ ದೊಡ್ಡದಾಗಿ ಸುದ್ದಿಯಾಗುತ್ತದೆ. ಎಪ್ಪತ್ತೆಂಟು ದಿನವೆಂದರೆ ಎರಡೂವರೆ ತಿಂಗಳ ಪಗಾರ ಎಂದು ಓದಿದವರು ಲೆಕ್ಕ ಹಾಕುತ್ತಾರೆ. ಅಲ್ಲಿಯೂ ತಿಂಗಳಿಗೆ 7,000ದ ಮಿತಿಯೇ ಇರುವುದರಿಂದ ಗರಿಷ್ಠ ಸಿಗುವುದು 17,951 ರೂಪಾಯಿ. ಮಳೆಯಲ್ಲಿ, ಬಿಸಿಲಲ್ಲಿ ಹಳಿಗುಂಟ ನಡೆಯುವ ಟ್ರ್ಯಾಕ್‌ಮನ್‌ನ ಮೂಲ ವೇತನವೇ 18,000 ಇರುವಾಗ, ಬೋನಸ್ಸಿಗೆ ಮಾತ್ರ ಅವನ ತಿಂಗಳ ದುಡಿಮೆ 7,000 ಎಂದು ಬರೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಈ ಮೊತ್ತ 2014ರ ಏಪ್ರಿಲ್‌ನಿಂದ ಅಲ್ಲಿಯೇ ನಿಂತಿದೆ. ಅಂದಿನಿಂದ ತೊಗರಿ ಬೇಳೆಯೂ ಬಸ್ ಚಾರ್ಜೂ ನಿಂತಿಲ್ಲ.

ತೆರಿಗೆಯ ಅಂಜಿಕೆಗೆ ನಮ್ಮಲ್ಲಿ ಇನ್ನೊಂದು ಬೇರಿದೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದು. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇರುತ್ತದೆ, ಅವ್ವನ ಖಾತೆಗೆ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯಿಂದ ತಿಂಗಳಿಗೆ 2,000 ರೂಪಾಯಿ ಬರುತ್ತಿರುತ್ತದೆ. ವರ್ಷಕ್ಕೆ ಅದು 24,000, ಎಷ್ಟೋ ಹುಡುಗರ ಬೋನಸ್ಸಿಗಿಂತ ಜಾಸ್ತಿ. ಮಹಿಳೆ ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರಾದರೆ ಗೃಹಲಕ್ಷ್ಮಿ ಇಲ್ಲ. ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ದಾಟಿದರೆ, ಮನೆಯಲ್ಲಿ ತೆರಿಗೆ ಕಟ್ಟುವವರಿದ್ದರೆ ಬಿಪಿಎಲ್ ಇಲ್ಲ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ಪರಿಶೀಲನೆ ನಡೆದು ಸಾವಿರಾರು ಮನೆಗಳಲ್ಲಿ ಗಾಬರಿಯಾದದ್ದು, ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರ ಕಾರ್ಡುಗಳನ್ನಷ್ಟೇ ತೆಗೆಯುತ್ತೇವೆ ಎಂದು ಸರ್ಕಾರ ಹೇಳಬೇಕಾಗಿ ಬಂದದ್ದು ಎಲ್ಲರ ನೆನಪಿನಲ್ಲಿದೆ. ಹೀಗಿರುವಾಗ ‘ಟ್ಯಾಕ್ಸ್’ ಎಂಬ ಶಬ್ದ ಬೋನಸ್ ಚೀಟಿಯಲ್ಲಿ ಕಂಡರೆ ಮನೆಯವರೆಲ್ಲ ಬೆದರುತ್ತಾರೆ. ‘ಬ್ಯಾಡಪ್ಪಾ, ಹೋದರ ಹೋಗಲಿ, ನೀ ಏನೂ ಫಾರಂ ತುಂಬಬ್ಯಾಡ’ ಎಂದು ಹಿರಿಯರು ಹೇಳುತ್ತಾರೆ. ಹೀಗೆ ಹೋದ ದುಡ್ಡು ಎಲ್ಲಿ ಸಿಕ್ಕಿಕೊಂಡಿರುತ್ತದೆ ಎಂಬುದನ್ನು ನೋಡಬೇಕು.

ಗುತ್ತಿಗೆ ಏಜೆನ್ಸಿಗಳ ಮೂಲಕ ದುಡಿಯುವವರನ್ನು ಕೆಲವು ಕಡೆ ನೌಕರರೆಂದು ತೋರಿಸದೆ ಸಲಹೆಗಾರರೆಂದು ತೋರಿಸುತ್ತಾರೆ. ಆಗ ಪಗಾರದ ನಿಯಮ ಹೋಗಿ ವೃತ್ತಿಪರ ಶುಲ್ಕದ ನಿಯಮ ಬರುತ್ತದೆ. ಆದಾಯ ಎಷ್ಟೇ ಕಡಿಮೆ ಇರಲಿ, ಮಿತಿ ದಾಟಿದ ಪಾವತಿಯಲ್ಲಿ ಶೇ 10 ಮುರಿಯುತ್ತಾರೆ. ತೆರಿಗೆಯೇ ಬಾರದ ಮನುಷ್ಯನಿಂದ ಹೀಗೆ ಮುರಿದುಕೊಂಡ ಹಣ ಅವನ ಪ್ಯಾನ್ ಸಂಖ್ಯೆಯ ಮೇಲೆ ಜಮೆಯಾಗಿರುತ್ತದೆ. ರಿಟರ್ನ್ ಸಲ್ಲಿಸಿದರೆ ಮಾತ್ರ ಅದು ಹಿಂದಕ್ಕೆ ಬರುತ್ತದೆ. ಇಲಾಖೆಯ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಫಾರಂ 26ಎಎಸ್ ತೆಗೆದರೆ ಯಾರು, ಯಾವ ತಿಂಗಳು, ಎಷ್ಟು ಕಟ್ಟಿದ್ದಾರೆ ಎಂಬುದು ಕಾಣುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ, ತೆರಿಗೆಯೆಂದು ಹೇಳಿ ಹಿಡಿದ ದುಡ್ಡು ಸರ್ಕಾರವನ್ನು ಮುಟ್ಟದೇ ಇರಬಹುದು, ಆಗ ಏಜೆನ್ಸಿಯನ್ನು ಕೇಳಬೇಕು.

ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಮುರಿದದ್ದೆಲ್ಲ ವಾಪಸ್ ಬಂದಮೇಲೆ ಆ ಮನುಷ್ಯ ಕಟ್ಟಿದ ತೆರಿಗೆ ಸೊನ್ನೆ. ಇಷ್ಟಾದರೂ ಅಂಜಿಕೆ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ತೆರಿಗೆ ಕಟ್ಟದಿದ್ದರೂ ದಾಖಲೆಯಲ್ಲಿ ತೆರಿಗೆದಾರರೆಂದು ಬಂದು ಗೃಹಲಕ್ಷ್ಮಿ ನಿಂತಿತೆಂದು ಮಹಿಳೆಯರು ದೂರಿದ ವರದಿಗಳು ರಾಜ್ಯದ ಹಲವು ಕಡೆಯಿಂದ ಬಂದಿವೆ. ಅದಕ್ಕೆ ಬಡವರು ತಮ್ಮ ಹಕ್ಕಿನ ಹಣ ಬಿಟ್ಟುಕೊಡುವುದು ಪರಿಹಾರವಾಗಬಾರದು. ಸೊನ್ನೆ ತೆರಿಗೆ ಕಾಣುವ ರಿಟರ್ನಿನ ಪ್ರತಿಯನ್ನೂ ಇಲಾಖೆಯಿಂದ ಬರುವ ಪರಿಶೀಲನಾ ತಿಳಿವಳಿಕೆ ಪತ್ರವನ್ನೂ ತೆಗೆದಿಟ್ಟುಕೊಂಡರೆ ಕೇಳಿದಾಗ ತೋರಿಸಲು ಆಧಾರವಿರುತ್ತದೆ. ರಾಜ್ಯ ಸರ್ಕಾರವಾದರೂ ರಿಟರ್ನ್ ಸಲ್ಲಿಸಿದವರನ್ನೂ ತೆರಿಗೆ ಕಟ್ಟಿದವರನ್ನೂ ಬೇರೆ ಬೇರೆಯಾಗಿ ಗುರುತಿಸಿ ಪಟ್ಟಿ ಮಾಡಬೇಕು. ತಂದೆಯ ಸೋಯಾ ದುಡ್ಡು ಮಗನ ಬೋನಸ್ಸಿಗೆ ಕೂಡುತ್ತದೆ ಎಂಬ ಭಯ ಮಾತ್ರ ಬೇಡ. ಆದಾಯ ತೆರಿಗೆ ಒಬ್ಬೊಬ್ಬರ ಲೆಕ್ಕ ಬೇರೆಯಾಗಿ ನೋಡುತ್ತದೆ, ಮನೆಯ ಲೆಕ್ಕವನ್ನಲ್ಲ.

ಬೋನಸ್ಸಿಗೆ ನಿಜವಾಗಿ ಪೆಟ್ಟು ಬೀಳುವವರು ನಮ್ಮ ಊರಿನಲ್ಲೂ ಈಗ ಕೆಲವರಿದ್ದಾರೆ. ಪುಣೆ, ಹೈದರಾಬಾದ್, ಬೆಂಗಳೂರಿನ ಕಂಪನಿಗಳಲ್ಲಿ ಎಂಜಿನಿಯರ್ ಆದವರು. ತಿಂಗಳಿಗೆ 1,05,000 ಪಗಾರ ಎಂದುಕೊಳ್ಳಿ. ವರ್ಷಕ್ಕೆ 12,60,000, ಅದರಲ್ಲಿ 75,000 ಕಳೆದರೆ 11,85,000. ತೆರಿಗೆ ಇಲ್ಲ. ದೀಪಾವಳಿಗೆ 50,000 ಬೋನಸ್ ಬಂತು, ಈಗ ಆದಾಯ 12,35,000. ಮಿತಿಯನ್ನು 35,000 ದಾಟಿತು. ದರದ ಪ್ರಕಾರ ತೆರಿಗೆ 65,250 ಆಗುತ್ತದೆ, ಅಂದರೆ ಬೋನಸ್ಸಿಗಿಂತ ಹೆಚ್ಚು! ಇಂಥ ಅನ್ಯಾಯ ತಪ್ಪಿಸಲೆಂದೇ, 12 ಲಕ್ಷ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಬಾರದು ಎಂಬ ನಿಯಮವಿದೆ. ಹಾಗಾಗಿ ಕಟ್ಟಬೇಕಾದ್ದು 35,000, ಅದರ ಮೇಲೆ ಶೇ 4 ಸೆಸ್ ಸೇರಿ 36,400. ಐವತ್ತು ಸಾವಿರದಲ್ಲಿ ಕೈಗೆ ಉಳಿದದ್ದು 13,600. ಆದಾಯ ಸುಮಾರು 12,70,000 ಆಗುವವರೆಗೂ ಮಿತಿ ದಾಟಿದ್ದೆಲ್ಲ ಹೀಗೆ ತೆರಿಗೆಗೇ ಹೋಗುತ್ತದೆ. ಈ ಅಂಚಿನಲ್ಲಿರುವವರು ವರ್ಷದ ಆರಂಭದಲ್ಲೇ ಕಂಪನಿಯೊಂದಿಗೆ ಮಾತನಾಡಿ, ತಮ್ಮ ಪಗಾರದ ಒಂದು ಭಾಗ ಮಾಲೀಕರ ವಂತಿಗೆಯಾಗಿ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಹೋಗುವಂತೆ ಮಾಡಿಕೊಳ್ಳಬಹುದು. ಹೊಸ ಪದ್ಧತಿಯಲ್ಲೂ ಮೂಲ ವೇತನದ ಶೇ 14ರವರೆಗೆ ಅದಕ್ಕೆ ಕಳೆತ ಉಂಟು.

ಬೋನಸ್ ಬಂದ ತಿಂಗಳು ಕೈಪಗಾರ ಒಮ್ಮೆಲೇ ಕುಸಿದಂತೆ ಕಾಣುವುದು ಇಂಥವರಿಗೇ. ಕಂಪನಿ ವರ್ಷದ ಒಟ್ಟು ತೆರಿಗೆಯನ್ನು ಅಂದಾಜು ಮಾಡಿ ತಿಂಗಳಿಗಿಷ್ಟು ಮುರಿಯುತ್ತದೆ. ಬೋನಸ್ಸಿನಿಂದ ಅಂದಾಜು ಏರಿದಾಗ ಹೆಚ್ಚಿನ ತೆರಿಗೆಯನ್ನು ಮಾರ್ಚ್‌ವರೆಗೆ ಉಳಿದ ಕೆಲವೇ ತಿಂಗಳಲ್ಲಿ ಹಿಡಿಯಬೇಕಾಗುತ್ತದೆ. ಹಿಂದಿನ ವರ್ಷಗಳ ಬಾಕಿ ಬೋನಸ್ ಒಟ್ಟಿಗೆ ಬಂದು ತೆರಿಗೆ ಏರಿದರೆ ಪರಿಹಾರ ಕೇಳಲು ಫಾರಂ 10ಇ ಇದೆ. ಅದನ್ನು ರಿಟರ್ನಿಗೆ ಮೊದಲೇ ಸಲ್ಲಿಸಬೇಕು.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1965ರ ಕಾಯ್ದೆಯ ಬೋನಸ್ ಭಾಗ ಈಗ ವೇತನ ಸಂಹಿತೆಯೊಳಗೆ ಸೇರಿದೆ. ಶೇ 8.33 ಉಳಿದಿದೆ, ಎಂಟು ತಿಂಗಳ ಗಡುವು ಉಳಿದಿದೆ, ಮೂವತ್ತು ದಿನದ ಅರ್ಹತೆಯೂ ಉಳಿದಿದೆ. 21,000, 7,000ದಂಥ ಮೊತ್ತಗಳನ್ನು ಕಾಯ್ದೆಯಲ್ಲಿ ಬರೆಯದೆ ಸರ್ಕಾರದ ಅಧಿಸೂಚನೆಗೆ ಬಿಟ್ಟಿದ್ದಾರೆ. ಏಳು ಸಾವಿರದ ಗೆರೆಯನ್ನು ಏರಿಸಲು ಇನ್ನು ಸಂಸತ್ತಿನ ತಿದ್ದುಪಡಿ ಬೇಕಿಲ್ಲ, ಒಂದು ಅಧಿಸೂಚನೆ ಸಾಕು. ಕಾರ್ಮಿಕ ಸಂಘಗಳು ಒತ್ತಾಯಿಸಬೇಕಾದ ಜಾಗ ಇದು. ಬಾಕಿಗಾಗಿ ಅರ್ಜಿ ಹಾಕಲು ಹಿಂದೆ ಒಂದು ವರ್ಷವಿದ್ದ ಅವಧಿ ಈಗ ಮೂರು ವರ್ಷವಾಗಿದೆ. ಊರಿಗೆ ಮರಳಿ ಬಂದವರಿಗೆ ಇದರಿಂದ ನಿಜವಾದ ಉಪಯೋಗವಿದೆ.

ಪುಣೆ ಬಳಿಯ ಚಾಕಣದಲ್ಲೋ ಹೈದರಾಬಾದಿನಲ್ಲೋ ಆರು ತಿಂಗಳು ದುಡಿದು, ಮಳೆ ಬಿತ್ತೆಂದು ಬಿತ್ತನೆಗೆ ಮುಡಬಿಗೆ ಬಂದು, ಮತ್ತೆ ಹೋಗದೇ ಉಳಿದವರು ಪ್ರತಿ ವರ್ಷ ಇರುತ್ತಾರೆ. ಕೆಲಸ ಬಿಟ್ಟರೂ ಆ ಆರು ತಿಂಗಳ ಬೋನಸ್ ಅವರದೇ. ಹಾಜರಿ ಚೀಟಿ, ಪಗಾರದ ಚೀಟಿ, ಪಿಎಫ್ ಸಂಖ್ಯೆಯನ್ನು ಜೋಪಾನವಾಗಿಟ್ಟುಕೊಂಡು, ದುಡಿದ ಊರಿನ ಕಾರ್ಮಿಕ ಇಲಾಖೆಯಲ್ಲಿ ಕೇಳಬಹುದು. ಹುಮನಾಬಾದ್ ಕೈಗಾರಿಕಾ ಪ್ರದೇಶದಲ್ಲಿ ದುಡಿದವರಿಗೆ ಕಾರ್ಮಿಕ ನಿರೀಕ್ಷಕರ ಕಚೇರಿ ದೂರವೇನಲ್ಲ. ಸಂಹಿತೆಯ ಪ್ರಕಾರ ಬೋನಸ್ ಜಮೆಯಾಗಬೇಕಾದದ್ದು ಬ್ಯಾಂಕ್ ಖಾತೆಗೆ. ಪರವೂರಿನ ಕೆಲಸ ಬಿಟ್ಟು ಬರುವಾಗ ಪಗಾರ ಬೀಳುತ್ತಿದ್ದ ಖಾತೆಯನ್ನು ಮುಂದಿನ ದೀಪಾವಳಿ ಕಳೆಯುವವರೆಗೆ ಮುಚ್ಚಬೇಡಿ.